ಎಂಟು ಸಿಲಿಂಡರಿನ ಅರ್ಥ

ಎಲ್ಲ ರಗಳೆಯೂ ಶುರುವಾದದ್ದು ಒಂದು ಗೇಟಿನಿಂದ. ಕೂಡ್ಲಿಗಿಯ ಗಾಳಿಗೆ ಸಂಜೀವ ಮೇಷ್ಟ್ರ ಮನೆಯ ಕಬ್ಬಿಣದ ಗೇಟು ತಾನಾಗಿಯೇ ತೆರೆದುಕೊಂಡು ಹೊತ್ತುಗೊತ್ತಿಲ್ಲದೆ ಬಡಿದುಕೊಳ್ಳುತ್ತಿತ್ತು. ಒಂದು ಚಿಲಕ ಹಾಕಿಸಿ ಎಂದು ಹೆಂಡತಿ ಸುಮಂಗಲಾ ಹೇಳಿ ಹೇಳಿ ಸಾಕಾಗಿ, ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ಜಡೆಯ ಹಾಗೆ ಹೆಣೆದ ತಂತಿಯ ಪಟ್ಟಿಯೊಂದನ್ನು ತಂದು ತಾವೇ ಗೇಟನ್ನು ಬಿಗಿದರು. ಬಡಿತ ನಿಂತಿತು. ಆ ಪಟ್ಟಿ ಶೆಡ್ಡಿಗೆ ಎಲ್ಲಿಂದ ಬಂತೆಂದು ಯಾರೂ ಯಾರನ್ನೂ ಕೇಳಲಿಲ್ಲ.

ಶೆಡ್ಡಿನಲ್ಲಿ ಇದ್ದದ್ದು ಒಂದು ಕಾರು. ಬರೀ ಕಾರು ಎಂದರೆ ಅದಕ್ಕೆ ಅವಮಾನ. ಅಮೆರಿಕದಲ್ಲಿ ಹುಟ್ಟಿ, ಹಡಗಿನಲ್ಲಿ ಮುಂಬಯಿಗೆ ಬಂದು, ಸಂಡೂರು ಕಡೆಯ ಗಣಿ ಧಣಿಯೊಬ್ಬರ ಅಂಗಳ ಸೇರಿದ್ದ ಗಾಡಿ ಅದು. ಸ್ಟೇರಿಂಗು ಎಡಗಡೆ. ಬಾನೆಟ್ಟಿನ ಮೇಲೆ ಒಬ್ಬ ಆಳು ಕಾಲು ಚಾಚಿ ಮಲಗಬಹುದು. ಬಾನೆಟ್ಟಿನ ಕೆಳಗೆ ಆಚೆ ನಾಲ್ಕು, ಈಚೆ ನಾಲ್ಕು, ಒಟ್ಟು ಎಂಟು ಸಿಲಿಂಡರು. ಇಷ್ಟು ಕಬ್ಬಿಣವನ್ನು ಇಷ್ಟು ಅಂದವಾಗಿ ಜೋಡಿಸಿದ ಮನುಷ್ಯರು ಈ ಭೂಮಿಯ ಮೇಲೆ ಇದ್ದರಲ್ಲ ಎಂದು ಮೇಷ್ಟ್ರಿಗೆ ಪ್ರತಿಸಲವೂ ಬೆರಗಾಗುತ್ತಿತ್ತು.

ಓಣಿಯವರು ಅದನ್ನು ‘ಸುಂಕಪ್ಪನ ಆನಿ’ ಎನ್ನುತ್ತಿದ್ದರು. ಸುಂಕಪ್ಪ ಮೇಷ್ಟ್ರ ತಂದೆ, ಧಣಿಯ ಡ್ರೈವರು. ಗಣಿ ಬಂದಾಗಿ ಧಣಿಯ ಮನೆಯವರು ಊರು ಬಿಡುವಾಗ, ಕೆಟ್ಟು ನಿಂತಿದ್ದ ಗಾಡಿಯನ್ನು ಸುಂಕಪ್ಪನಿಗೇ ಬಿಟ್ಟುಹೋದರು. ಓಡುವಷ್ಟು ದಿನ ಅದು ಧಣಿಯದು, ನಿಂತ ಮೇಲೆ ಸುಂಕಪ್ಪನದು. ಅವರು ಅದನ್ನು ದಿನಾ ಒರೆಸಿ ಒರೆಸಿ, ಒಂದು ದಿನವೂ ಓಡಿಸಲಾಗದೆ ತೀರಿಕೊಂಡರು.

ಅವರ ಹೆಂಡತಿ ಕನಕಮ್ಮ, ಗಂಡ ಹೊಟ್ಟೆಪಾಡಿಗೆ ಓಡಿಸಿದ ಆ ಗಾಡಿಯಲ್ಲಿ ಒಮ್ಮೆಯೂ ಕೂತವರಲ್ಲ. ಹಿಂದಿನ ಸೀಟು ಧಣಿಯ ಹೆಂಡತಿಯದು. ಕನಕಮ್ಮ ಅದನ್ನು ಗಾಜಿನ ಹೊರಗಿನಿಂದ ನೋಡಿದ್ದರು, ಅಷ್ಟೆ. “ನಾನೂ ಒಂದ್ಸಲ ಅದರಾಗ ಕುಂತು ಹೋಗಬೇಕು ನೋಡಪಾ ಸಂಜೀವ” ಎಂದು ಅವರು ಒಮ್ಮೆ ಹೇಳಿದ್ದರು. ಎರಡನೇ ಸಲ ಹೇಳಲಿಲ್ಲ. ಹೇಳದೆ ಇದ್ದದ್ದೇ ಮಗನನ್ನು ಕೊರೆಯುತ್ತಿತ್ತು.

ಸಂಜೀವ ಮೇಷ್ಟ್ರು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವರು. ಸಂಧಿ ಬಿಡಿಸುವುದು ಗೊತ್ತಿತ್ತೇ ಹೊರತು ನಟ್ಟು ಬಿಡಿಸುವುದು ಗೊತ್ತಿರಲಿಲ್ಲ. ಆದರೂ ಬೇಸಿಗೆ ರಜೆಯಲ್ಲಿ ಮೊಬೈಲಿನ ವಿಡಿಯೋ ನೋಡುತ್ತ ಕೈಹಾಕಿದರು. ಹಳೇ ಡೈನಮೋ ತೆಗೆದು ಆಲ್ಟರ್ನೇಟರ್ ಕೂರಿಸಿದರು. ಡಿಸ್ಟ್ರಿಬ್ಯೂಟರಿನ ಸವೆದ ಪಾಯಿಂಟು ಕಿತ್ತು, ಪಾರ್ಸೆಲ್ಲಿನಲ್ಲಿ ಬಂದ ಎಲೆಕ್ಟ್ರಾನಿಕ್ ಪೆಟ್ಟಿಗೆ ಹಾಕಿದರು. ಕಾರ್ಬರೇಟರನ್ನು ಸೀಮೆಎಣ್ಣೆಯಲ್ಲಿ ಮೀಯಿಸಿದರು. ಇಂಜಿನ್ನಿಗೆ ಬಣ್ಣ ಹೊಡೆದರು. ಅಂದಗೆಡಿಸುತ್ತಿದ್ದ ತುಕ್ಕಿನ ಚೂರುಪಾರುಗಳನ್ನೆಲ್ಲ ಬಿಚ್ಚಿ ಶೆಡ್ಡಿನ ಮೂಲೆಗೆ ಎಸೆದರು. ಹೊಸ ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದರೆ ‘ಟಕ್’ ಎಂದು ಒಂದು ಸದ್ದು, ಮತ್ತೇನೂ ಇಲ್ಲ. ಮಳೆಗಾಲ ಕಳೆದರೂ ಅದೇ ‘ಟಕ್’.

ಅತ್ತ ಸುಮಂಗಲಾ ಆಸ್ಪತ್ರೆಯ ಡ್ಯೂಟಿಗೆ ಹೋಗುವ ಸ್ಕೂಟಿ ಶೆಡ್ಡಿನಲ್ಲಿ ಜಾಗವಿಲ್ಲದೆ ಬಿಸಿಲಲ್ಲಿ ನಿಂತು ಸೀಟು ಬಿರಿದಿತ್ತು. ಒಂದು ಭಾನುವಾರ ಬೆಳಿಗ್ಗೆ ಅವರು ಚಹದ ಲೋಟ ಕೊಟ್ಟು ತೀರ್ಪು ಹೇಳಿಯೇಬಿಟ್ಟರು.

“ಏನ್ರಿ, ಹಗರಿಬೊಮ್ಮನಹಳ್ಳಿ ಗುಜರಿ ಬೀರಲಿಂಗೇಶ ಇವತ್ತು ಸಂಜಿಕೆ ಕ್ರೇನಿನ ಲಾರಿ ತರ್ತಾನ. ದೀಪ ಹಚ್ಚೋದರಾಗ ನಿಮ್ಮ ಆನಿ ತನ್ನ ಕಾಲಮ್ಯಾಲೆ ನಡೆದ್ರ ಇರ್ಲಿ. ಇಲ್ಲಾಂದ್ರ ಲಾರಿಮ್ಯಾಲೆ ಹೋಗ್ಲಿ.”

ಅಷ್ಟು ತೂಕ ಎತ್ತುವ ಲಾರಿ ಆ ಸುತ್ತಿನಲ್ಲಿ ಇದ್ದದ್ದು ಅದೊಂದೇ. ಮೇಷ್ಟ್ರು ತಾಯಿಯ ಕಡೆ ನೋಡಿದರು. ಕನಕಮ್ಮ ಎದ್ದು ಹೊರಗೆ ಹೋಗಿ, ಸೆರಗಿನಿಂದ ಕಾರಿನ ಹಿಂದಿನ ಗಾಜು ಒರೆಸತೊಡಗಿದರು. ಮೇಷ್ಟ್ರು ಚಹದ ಲೋಟ ಕೆಳಗಿಟ್ಟು ಶೆಡ್ಡಿಗೆ ನಡೆದರು.

ಕೀಲಿ ತಿರುಗಿಸಿದರು. ಟಕ್. ಇನ್ನೊಮ್ಮೆ ತಿರುಗಿಸಿ ಹಿಡಿದರು. ಈ ಸಲ ಚೋಕಿನ ಕೇಬಲ್ಲಿನಿಂದ ಊದುಬತ್ತಿಯಂತೆ ಸಣ್ಣಗೆ ಹೊಗೆ ಎದ್ದಿತು. ಹೊಗೆ ಕಂಡದ್ದೇ ತಡ, ಓಣಿ ಒಳಗೆ ಬಂತು.

ಮೊದಲು ಬಂದವರು ಬೀಜ ಗೊಬ್ಬರದ ಅಂಗಡಿಯ ಅಜ್ಜಯ್ಯ. ಜಗತ್ತಿನ ಯಾವ ಯಂತ್ರ ಕೆಟ್ಟರೂ ಅವರಿಗೆ ತಮ್ಮ ಬೋರ್‌ವೆಲ್ಲಿನ ಮೋಟರೇ ನೆನಪಾಗುತ್ತಿತ್ತು.

“ಮೇಷ್ಟ್ರ, ನಮ್ಮ ಹೊಸಹಳ್ಳಿ ಹೊಲದ ಮೋಟರೂ ಹಿಂಗ ಹಟ ಮಾಡ್ತಿತ್ರಿ. ಬಾಯಾಗ ಒಂದು ಕೊಡ ನೀರು ಹೊಯ್ದು ನೋಡ್ರಿ.”

“ಇದು ನೀರೆತ್ತೋದಲ್ರಿ ಅಜ್ಜಯ್ಯನೋರ, ಪೆಟ್ರೋಲಿನ ಗಾಡಿ.”

“ಯಾವುದಾದ್ರೇನ್ರಿ, ಗಂಟಲು ಒಣಗಿದ್ರ ಯಾವುದೂ ಮಾತಾಡಂಗಿಲ್ಲ.”

ಹಿಂದೆಯೇ ಮೊಬೈಲ್ ಅಂಗಡಿಯ ಅರುಣಕುಮಾರ್ ಬಂದ. ಅವನ ಕೈಯಲ್ಲಿ ಎರಡು ಫೋನು. ಒಂದರಲ್ಲಿ ಅಮೆರಿಕದವನೊಬ್ಬ ಇಂಥದೇ ಇಂಜಿನ್ ಬಿಚ್ಚುತ್ತಿದ್ದ, ಇನ್ನೊಂದು ಟಾರ್ಚು. “ಬ್ಯಾಟರಿ ಡೌನ್ ಆಗೈತಿ ಸರ. ಮೊಬೈಲಾದ್ರೂ ಅಷ್ಟ, ಕಾರಾದ್ರೂ ಅಷ್ಟ” ಎಂದ.

ಮೇಷ್ಟ್ರು ದೀಪ ಹಾಕಿದರು. ಹಗಲಲ್ಲೂ ಕಣ್ಣು ಕುಕ್ಕುವಷ್ಟು ಬೆಳಕು. ಹಾರನ್ನು ಒತ್ತಿದರು. ಓಣಿಯ ಕೊನೆಯಲ್ಲಿ ಮಲಗಿದ್ದ ಎಮ್ಮೆ ಎದ್ದು ನಿಂತಿತು. ಬ್ಯಾಟರಿಗೆ ಏನೂ ಆಗಿರಲಿಲ್ಲ. ಕೀಲಿ ತಿರುಗಿಸಿದರೆ ಮಾತ್ರ ಟಕ್, ಮತ್ತೆ ಆ ಹೊಗೆ.

“ಹಂಗಾರ ನೂಕಾಣು” ಎಂದರು ಅಜ್ಜಯ್ಯ. ನೂಕುವುದೆಂದರೆ ಬೇಡ ಎನ್ನುವವರು ಆ ಊರಲ್ಲಿಲ್ಲ. ಸುಮಂಗಲಾ ಗೇಟಿನ ಗಂಟು ಬಿಚ್ಚಿ ದಾರಿ ಮಾಡಿಕೊಟ್ಟರು, ಅದರಲ್ಲೊಂದು ಉತ್ಸಾಹವೇ ಇತ್ತು. ಮೇಷ್ಟ್ರು ಎಡಗಡೆ ಕೂತರು. ಓಣಿಯ ಗಂಡಸರೆಲ್ಲ ಹಿಂದೆ ನಿಂತು ಭುಜ ಕೊಟ್ಟರು. ಮೊದಲು ಮಿಸುಕದ ಗಾಡಿ ಆಮೇಲೆ ಮೆಲ್ಲಗೆ ಉರುಳಿತು, ಇಳಿಜಾರು ಸಿಕ್ಕಿದ್ದೇ ನೂಕುವವರನ್ನು ಹಿಂದೆ ಬಿಟ್ಟು ತಾನೇ ಹೊರಟಿತು. ಗೇರು ಹಾಕ್ರಿ, ಗೇರು ಹಾಕ್ರಿ ಎಂದು ಎಲ್ಲರೂ ಕೂಗಿದರು. ಮೇಷ್ಟ್ರು ಹಾಕಿದರು. ಗಾಡಿ ಕೆಮ್ಮಲೂ ಇಲ್ಲ. ಹಣ್ಣಿನ ತಳ್ಳುಗಾಡಿಯವರು, ಟಂಟಂ ಆಟೋದವರು ಎಲ್ಲ ಎದ್ದು ದಾರಿ ಬಿಟ್ಟರು. ಬಸ್ ಸ್ಟ್ಯಾಂಡಿನ ಎದುರಿಗೆ ಹೋಗಿ ಅದು ಗಂಭೀರವಾಗಿ ನಿಂತಿತು.

ಅಷ್ಟರಲ್ಲಿ ಅರುಣಕುಮಾರ್ ಫೋನು ನೋಡುತ್ತ ಓಡಿ ಬಂದ.

“ಸರ, ಇದು ಆಟೋಮ್ಯಾಟಿಕ್ ಗೇರಂತ. ಇಂಥವನ್ನ ಎಷ್ಟು ನೂಕಿದ್ರೂ ಚಾಲೂ ಆಗಂಗಿಲ್ಲಂತ.”

“ಇದನ್ನ ಮೊದಲ ಹೇಳಬಾರದೇನಪಾ?”

“ಈಗ ಬಂತ್ರಿ ವಿಡಿಯೋದಾಗ. ನಡುವ ಜಾಹೀರಾತು ಬಂದಿತ್ತು.”

ಇಳಿಜಾರು ಇಳಿಸಿದ ಆನೆಯನ್ನು ಏರು ಹತ್ತಿಸಿ ಮನೆ ಮುಟ್ಟಿಸುವಷ್ಟರಲ್ಲಿ ಬಿಸಿಲು ನೆತ್ತಿಗೇರಿ, ಓಣಿಯ ಗಂಡಸರ ಉತ್ಸಾಹ ಅರ್ಧ ಇಳಿದಿತ್ತು. ಸುಮಂಗಲಾ ಎಲ್ಲರಿಗೂ ಮಜ್ಜಿಗೆ ಕೊಟ್ಟರು. ಕೊಡುವಾಗ ಬೀರಲಿಂಗೇಶನಿಗೆ ಫೋನು ಮಾಡಿ ದಾರಿ ಹೇಳಿದ್ದನ್ನು ಮೇಷ್ಟ್ರ ಕಿವಿಗೆ ಬೀಳುವ ಹಾಗೆ ತಿಳಿಸಿದರು.

ಆಗ ಕನಕಮ್ಮ ಬಾಯಿ ಬಿಟ್ಟರು. “ಈ ಗಾಡಿಯ ಹೊಟ್ಟಿಗೆ ಕೈ ಹಾಕೋರು ಇಬ್ಬರೇ ಅಂತಿದ್ದ ನಿಮ್ಮಪ್ಪ. ಒಬ್ಬ ತಾನು, ಇನ್ನೊಬ್ಬ ಕೊಟ್ಟೂರು ಪಕ್ಕೀರಪ್ಪ. ಅವನನ್ನ ಕೇಳು.”

ಪಕ್ಕೀರಪ್ಪ ಧಣಿಯ ಗ್ಯಾರೇಜಿನಲ್ಲಿದ್ದ ಮಿಸ್ತ್ರಿ. ಈಗ ವಯಸ್ಸಾಗಿ ಕೊಟ್ಟೂರಿನಲ್ಲಿ ಮಗನ ಮನೆಯಲ್ಲಿದ್ದರು. ನಂಬರು ಕನಕಮ್ಮನ ಫೋನಿನಲ್ಲಿತ್ತು. ಮೇಷ್ಟ್ರು ಗೋಡೆಯ ಮಗ್ಗುಲಿಗೆ ಹೋಗಿ ಕರೆ ಮಾಡಿದರು.

“ಕಾಕಾ, ನಾನು ಸುಂಕಪ್ಪನ ಮಗ ಸಂಜೀವ, ಕೂಡ್ಲಿಗಿಯಿಂದ.”

“ಹಾಂ, ಹಾಂ.”

ಮೇಷ್ಟ್ರು ಡೈನಮೋದಿಂದ ಶುರುಮಾಡಿ ಚೋಕಿನ ಹೊಗೆಯವರೆಗೆ ಒಂದೂ ಬಿಡದೆ ಹೇಳಿದರು. ಕೊನೆಗೆ ಮುದುಕ ನಿಧಾನವಾಗಿ ಹೇಳಿದ:

“ಅರ್ಥ ಆಗಿಲ್ಲಪಾ.”

ಫೋನು ಕಟ್ಟಾಯಿತು.

ಕನ್ನಡ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ಎಷ್ಟೋ ವರ್ಷ ಮಕ್ಕಳಿಗೆ ಪದ್ಯದ ಭಾವಾರ್ಥ ಬಿಡಿಸಿ ಹೇಳಿದ ಬಾಯಿ ಇದು. ತಪ್ಪು ಕೇಳಿದವರದಲ್ಲ, ಹೇಳಿದವರದು ಎಂಬುದು ಅವರ ನಂಬಿಕೆ. ಎರಡನೇ ಸಲ ಕರೆ ಮಾಡಿ, ಕಾರನ್ನು ಕರ್ತೃವಾಗಿಯೂ ಕೀಲಿಯನ್ನು ಕರಣವಾಗಿಯೂ ಇಟ್ಟು ಸಣ್ಣ ಸಣ್ಣ ವಾಕ್ಯಗಳಲ್ಲಿ ವಿವರಿಸಿದರು. ಉಪಮೆ ಕೊಟ್ಟರು. ನಡುವೆ ‘ಟಕ್’ ಎಂದು ಬಾಯಲ್ಲೇ ಸದ್ದು ಮಾಡಿ ತೋರಿಸಿದರು.

“ಸರಿಯಾಗಿ ಅರ್ಥ ಆಗಿಲ್ಲ ನೋಡು” ಎಂದ ಮುದುಕ, ಈ ಸಲ ಸ್ವಲ್ಪ ಬೇಸರದಿಂದ. ಫೋನು ಮತ್ತೆ ಕಟ್ಟಾಯಿತು.

“ಸಾಕು ಬಿಡ್ರಿ ಮೇಷ್ಟ್ರ” ಎಂದರು ಅಜ್ಜಯ್ಯ. “ಬೋರ್‌ವೆಲ್ಲಿನ ಮೋಟರಾಗಿದ್ರ ಇಷ್ಟೊತ್ತಿಗೆ ಮ್ಯಾಲೆತ್ತಿ ನೋಡ್ತಿದ್ವಿ.”

ಬಿಸಿಲು ವಾಲತೊಡಗಿತ್ತು. ಮೇಷ್ಟ್ರು ಮೂರನೇ ಸಲ ಫೋನು ಹಚ್ಚಿದರು, ಈ ಸಲ ಸ್ಪೀಕರಿಗೆ ಹಾಕಿ, ನಡು ಅಂಗಳದಲ್ಲಿ ನಿಂತು, ತರಗತಿಯ ಕೊನೆಯ ಬೆಂಚಿಗೂ ಕೇಳುವ ಧ್ವನಿಯಲ್ಲಿ. ಬೆವರು ಸುರಿಯುತ್ತಿತ್ತು, ಕಣ್ಣಂಚು ಒದ್ದೆಯಾಗಿತ್ತು. “ಕಾಕಾ, ದೀಪ ಉರೀತಾವ, ಹಾರನ್ ಒದರ್ತೈತಿ, ಇಂಜಿನ್ ಒಂದ ತಿರಗವಲ್ದು. ಅವ್ವನ್ನ ಒಂದ್ಸಲ ಕುಂಡ್ರಿಸಬೇಕು. ಏನಾಗೇತಿ ಹೇಳ್ರಿ.”

“ಎಷ್ಟು ಸಲ ಹೇಳ್ಬೇಕಪಾ ನಿನಗ” ಎಂದು ಫೋನು ಗದರಿತು. “ಅರ್ಥ ಆಗಿಲ್ಲ, ಅರ್ಥ ಆಗಿಲ್ಲ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಮಂಗಲಾ ಹಣೆ ಚಚ್ಚಿಕೊಂಡರು.

“ಏನ್ರಿ, ಆ ಹಿರೇಮನುಷ್ಯ ಆಗಿಂದ ಹೇಳಾಕತ್ಯಾನ, ನಿಮಗ ಕೇಳವಲ್ದಲ್ಲ. ನಮ್ಮ ಬಟ್ಟಿ ಒಗಿಯೋ ಮಷಿನ್ನು ಶಾಕ್ ಹೊಡೀತಿತ್ತಲ್ಲ, ಆಗ ಕರೆಂಟಿನವ ಬಂದು ಏನಂದ? ‘ಅಮ್ಮಾರ, ಸರಿಯಾಗಿ ಅರ್ಥ್ ಆಗಿಲ್ಲ’ ಅಂದ. ನೆಲಕ್ಕ ಒಂದು ವೈರು ಇಳಿಸಿ ಹೋದ. ನಿಮ್ಮ ಪುಸ್ತಕದ ಅರ್ಥ ಅಲ್ರಿ ಇದು. ಅರ್ತಿಂಗು.”

ಒಂದು ಪದಕ್ಕೆ ಇನ್ನೊಂದು ಅರ್ಥವಿದ್ದದ್ದನ್ನು ಹೆಂಡತಿಯಿಂದ ಕಲಿತ ಮೇಷ್ಟ್ರು ಬಾಯಿ ತೆರೆದುಕೊಂಡೇ ಇದ್ದರು. ಅರುಣಕುಮಾರ್ ಗಡಬಡಿಸಿ ಫೋನಿನಲ್ಲಿ ಹುಡುಕಿದ. “ಹೌದು ಸರ, ಹೌದು. ಇಂಜಿನ್ನು ರಬ್ಬರಿನ ಮ್ಯಾಲೆ ಕುಂತಿರ್ತೈತಂತ. ಅದಕ್ಕೂ ಬಾಡಿಗೂ ನಡುವ ಒಂದು ಪಟ್ಟಿ ಇರಬೇಕಂತ. ಇಲ್ಲಾಂದ್ರ ಕರೆಂಟು ದಾರಿ ಸಿಗದ ಚೋಕಿನ ಕೇಬಲ್ಲಿಗೆ ನುಗ್ಗತೈತಂತ. ಇಲ್ಲಿ ನೋಡ್ರಿ ಪಟ್ಟಿ, ಜಡಿ ಹೆಣೆದಂಗ ಐತಿ.”

ಚಿತ್ರ ನೋಡಿದ ಸುಮಂಗಲಾ ನೇರ ಗೇಟಿನ ಹತ್ತಿರ ಹೋಗಿ, ಅಲ್ಲಿ ಜೋತಾಡುತ್ತಿದ್ದ ಪಟ್ಟಿಯನ್ನು ಬಿಚ್ಚಿ ತಂದು ಗಂಡನ ಕೈಯಲ್ಲಿಟ್ಟರು. ಮೇಷ್ಟ್ರು ಅದನ್ನು ತಿರುಗಿಸಿ ನೋಡಿದರು. ಬೇಸಿಗೆಯಲ್ಲಿ ಅಂದಗೆಡುತ್ತದೆಂದು ತಾವೇ ಬಿಚ್ಚಿ ಎಸೆದದ್ದು. ಇಬ್ಬರಲ್ಲಿ ಯಾರು ಯಾರನ್ನು ಬಯ್ಯಬೇಕೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಗೇಟು ಗಾಳಿಗೆ ಬಡಿದುಕೊಳ್ಳತೊಡಗಿತು.

ತಾವೇ ಹೊಡೆದ ಬಣ್ಣವನ್ನು ಕೆರೆದು, ಪಟ್ಟಿಯ ಒಂದು ತುದಿಯನ್ನು ಇಂಜಿನ್ನಿಗೂ ಇನ್ನೊಂದನ್ನು ಬಾಡಿಗೂ ಬಿಗಿದರು. ತಂದೆ ಕೂರುತ್ತಿದ್ದ ಜಾಗದಲ್ಲಿ ಕೂತು ಕೀಲಿ ತಿರುಗಿಸಿದರು.

ಟಕ್ ಎನ್ನಲಿಲ್ಲ. ಒಳಗೆ ಎಲ್ಲೋ ಬಹಳ ಆಳದಲ್ಲಿ ಏನೋ ಒಂದು ಹೊರಳಿತು. ಒಂದು ಸಿಲಿಂಡರು ಕೆಮ್ಮಿತು, ಅದರ ಹಿಂದೆ ಇನ್ನೊಂದು, ಆಮೇಲೆ ಎಂಟೂ ಒಟ್ಟಿಗೆ ಎದ್ದವು. ಅದು ಸದ್ದೆನ್ನುವುದಕ್ಕಿಂತ ನೆಲದ ನಡುಕ. ಅಂಗಳದ ಧೂಳು ಏಳದೆ ನಿಂತಲ್ಲೇ ಕುಣಿಯಿತು. ಅಡುಗೆಮನೆಯ ಹಲಗೆಯ ಮೇಲೆ ತಟ್ಟೆಗಳು ತಾವಾಗಿ ಗಲಗುಟ್ಟಿದವು. ಸ್ಕೂಟಿಯ ಕನ್ನಡಿಯಲ್ಲಿ ಆಕಾಶ ನಡುಗಿತು. ಗುಡುಗು ದೂರದಲ್ಲಿ ಹುಟ್ಟಿ ಅಲ್ಲೇ ತಿರುಗುತ್ತಿದ್ದರೆ ಎದೆಯೊಳಗೆ ಹೇಗಾಗುತ್ತದೋ ಹಾಗಾಯಿತು ಎಲ್ಲರಿಗೂ. ಅಜ್ಜಯ್ಯ ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡರು, ದೊಡ್ಡವರು ಬಂದಾಗ ಹಿಡಿದುಕೊಳ್ಳುವ ಹಾಗೆ. ಬೋರ್‌ವೆಲ್ಲಿನ ಹೆಸರೆತ್ತಲಿಲ್ಲ. ಅರುಣಕುಮಾರ್ ವಿಡಿಯೋ ಮಾಡುವುದನ್ನೇ ಮರೆತು ನಿಂತ.

ಮೇಷ್ಟ್ರು ಇಳಿದು ಹಿಂದಿನ ಬಾಗಿಲು ತೆಗೆದರು. “ಬಾ ಅವ್ವ.”

ಕನಕಮ್ಮ ಚಪ್ಪಲಿ ಕಳಚಲು ಬಗ್ಗಿದರು. “ಹಂಗ ಹತ್ತವ್ವ, ನಿನ್ನ ಗಾಡಿ ಇದು” ಎಂದರು ಮೇಷ್ಟ್ರು. ಅವರು ಹತ್ತಿ ಸೀಟಿನ ನಟ್ಟನಡುವೆ ಕೂತು, ಎರಡೂ ಕೈಯನ್ನು ಎರಡೂ ಕಡೆ ಊರಿ ಕಣ್ಣು ಮುಚ್ಚಿದರು.

“ಈ ಸಪ್ಪಳ ನಾನು ದೂರ ಹೋಗೋದನ್ನಷ್ಟ ಕೇಳಿದ್ದೆ” ಎಂದರು. “ಒಳಗಿಂದ ಹಿಂಗಿರ್ತೈತೇನು.”

ಸುಮಂಗಲಾ ಸೆರಗಿನಲ್ಲಿ ಮೂಗು ಒರೆಸಿಕೊಂಡರೂ ಮಾತು ಬಿಡಲಿಲ್ಲ. “ಎದ್ದೈತಿ, ಖರೆ. ನಡೆದು ತೋರಿಸಬೇಕಲ್ಲ? ಅತ್ತಿಯವರನ್ನ ಕರಕೊಂಡು ಒಂದು ಸುತ್ತು ಹೋಗಿ ದೀಪ ಹಚ್ಚೋದರಾಗ ಈ ಗೇಟಿನ ಒಳಗ ಬರ್ರಿ. ಲಾರಿ ಬಂದ್ರ ಅಲ್ಲಿತನಕ ನಿಂದ್ರಿಸ್ತೀನಿ.”

“ಕೊಟ್ಟೂರಿಗೇ ಹೋಗಾಣು” ಎಂದರು ಕನಕಮ್ಮ. “ಪಕ್ಕೀರಪ್ಪಗ ತೋರಿಸಿ ಬರಾಣು. ಅವನ ಮಾತಿಂದನ ಎದ್ದೈತಿ ಇದು.”

ಜೋಳದ ಹೊಲಗಳ ನಡುವಿನ ರಸ್ತೆಯಲ್ಲಿ ಆನೆ ಹೊರಟಿತು. ಪೆಡಲಿನ ಮೇಲೆ ಕಾಲು ಊರುವುದೇ ಬೇಡ, ನೆನೆದರೆ ಸಾಕು, ಮುಂದಕ್ಕೆ ಚಿಮ್ಮುತ್ತಿತ್ತು. ಎದುರು ಬಂದ ಬಸ್ಸು ವೇಗ ತಗ್ಗಿಸಿತು, ಡ್ರೈವರು ಎಡಗಡೆ ಕೂತ ಮೇಷ್ಟ್ರನ್ನು ಬಗ್ಗಿ ನೋಡಿದ. ಶೇಂಗಾ ಬಿಡಿಸುತ್ತಿದ್ದ ಹೆಂಗಸರು ಎದ್ದು ನಿಂತರು. ಕನಕಮ್ಮ ಅವರತ್ತ ಕೈ ಎತ್ತಿದರು. ಮುಂದಿನ ಕನ್ನಡಿಯಲ್ಲಿ ತಾಯಿಯ ಮುಖ ಕಂಡು ಮೇಷ್ಟ್ರಿಗೆ, ಇನ್ನು ಗುಜರಿಯವನು ಬಂದರೂ ಸರಿ, ಇಷ್ಟು ಸಿಕ್ಕಿತಲ್ಲ ಎನಿಸಿತು. ಮರುಗಳಿಗೆಯೇ, ಇಲ್ಲ, ಈ ಗಾಡಿಯನ್ನು ಯಾರಿಗೂ ಕೊಡಲಾರೆ ಎಂದೂ ಎನಿಸಿತು.

ಪಕ್ಕೀರಪ್ಪ ಮಗನ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಗಾಡಿ ಕಣ್ಣಿಗೆ ಬಿದ್ದದ್ದೇ ಕೋಲು ಊರಿ ಎದ್ದು ಬಂದರು. ಮೇಷ್ಟ್ರು ಗಾಡಿಯನ್ನು ಹಾಗೇ ಗುಡುಗಲು ಬಿಟ್ಟು ಇಳಿದು ಕಾಲು ಮುಟ್ಟಿದರು.

“ಕಾಕಾ, ನೀವು ಹೇಳಿದ್ದು ಖರೆ ಆತ್ರಿ. ಅರ್ಥ್ ಆಗಿರಲಿಲ್ಲ.”

ಮುದುಕ ಅವರ ತುಟಿಯನ್ನೇ ನೋಡಿದ. “ಏನಂತಿ? ಜೋರಾಗಿ ಹೇಳು. ಎರಡೂ ಕಿವಿ ಹೋಗ್ಯಾವ ನನಗ.”

ಮೇಷ್ಟ್ರು ಕಿವಿಯ ಹತ್ತಿರ ಕೂಗಿದರು. “ಫೋನಿನಾಗ. ನಾನ ಮಾಡಿದ್ದು.”

“ಅಯ್ಯ, ನೀನೇನು ಅದು? ಕಿಸೆದಾಗ ಗುರ್ ಗುರ್ ಅಂತಿತ್ತು, ತೆಗಿದೆ. ಯಾರೋ ಒಂದ ಸಮನ ಮಾತಾಡ್ತಾನ, ನನಗೊಂದಕ್ಷರ ಕೇಳಂಗಿಲ್ಲ. ಅರ್ಥ ಆಗಿಲ್ಲಪಾ, ಅರ್ಥ ಆಗಿಲ್ಲಪಾ ಅಂತ ಹೇಳಿ ಹೇಳಿ ಬಾಯಿ ನೋವಾತು, ಮತ್ತ ಮಾಡ್ತಾನ. ಯಾರೋ ಸಾಲಿ ಮೇಷ್ಟ್ರ ಇರಬೇಕು ಅನ್ಕಂಡೆ.”

ಮೇಷ್ಟ್ರು ಕಾರಿಗೆ ಒರಗಿ ನಿಂತುಕೊಂಡರು. ಹಿಂದಿನ ಸೀಟಿನಲ್ಲಿ ಕನಕಮ್ಮ, ಗಂಡ ತೀರಿಕೊಂಡ ಮೇಲೆ ಮೊದಲ ಸಲವೇನೋ ಎಂಬಂತೆ ಹೊಟ್ಟೆ ಹಿಡಿದು ನಕ್ಕರು.

ಪಕ್ಕೀರಪ್ಪನಿಗೆ ಅದೊಂದೂ ಬೇಕಿರಲಿಲ್ಲ. ಕಿವಿ ಕೇಳದ ಮನುಷ್ಯ ಬಾನೆಟ್ಟಿನ ಮೇಲೆ ಎರಡೂ ಅಂಗೈ ಇಟ್ಟು ಹಾಗೇ ನಿಂತರು. ನಡುಕ ಅಂಗೈಯಿಂದ ಮೊಣಕೈಗೆ, ಭುಜಕ್ಕೆ ಏರಿತು. ಅವರ ಮುಖ ಸಡಿಲಾಯಿತು. “ಎಂಟೂ ಹಾಡಾಕತ್ಯಾವ” ಎಂದರು. “ಸುಂಕಪ್ಪ ಬಂದಂಗಾತು ನೋಡವ್ವ.” ಆಮೇಲೆ ಒಳ್ಳೆಯ ಮಿಸ್ತ್ರಿ ಯಾರೇ ಆದರೂ ಮಾಡುವುದನ್ನೇ ಮಾಡಿದರು. ಒಳಗೆ ಕೈ ಹಾಕಿ ಕೀಲಿ ತಿರುಗಿಸಿ ಗಾಡಿ ಬಂದ್ ಮಾಡಿ, ಬಾನೆಟ್ ಎತ್ತಿ ತೃಪ್ತಿಯಾಗುವಷ್ಟು ನೋಡಿ, ಮುಚ್ಚಿದರು. “ಹೊಡಿ ಈಗ, ಹೋಗ್ರಿ, ಕತ್ತಲಾಗತೈತಿ.”

ಮೇಷ್ಟ್ರು ಕೀಲಿ ತಿರುಗಿಸಿದರು.

ಟಕ್.

ಮತ್ತೆ ಬಾನೆಟ್ ಎತ್ತಿದರು. ಪಟ್ಟಿ ಬಿಗಿದಲ್ಲೇ ಬಿಗಿಯಾಗಿತ್ತು. ಪಕ್ಕೀರಪ್ಪ ಮೂಸಿದರು, ಮುಟ್ಟಿದರು, ಕೋಲಿನಿಂದ ಸ್ಟಾರ್ಟರಿಗೆ ಎರಡು ಏಟು ಹಾಕಿದರು. ಟಕ್. ಏನಾಗೇತಿ ಕಾಕಾ ಎಂದು ಮೇಷ್ಟ್ರು ಕಣ್ಣಲ್ಲೇ ಕೇಳಿದರು.

“ಅರ್ಥ ಆಗಿಲ್ಲ” ಎಂದ ಮುದುಕ. ಯಾವುದೆಂದು ಕೇಳುವ ಧೈರ್ಯ ಮೇಷ್ಟ್ರಿಗಾಗಲಿಲ್ಲ.

ಅಷ್ಟರಲ್ಲಿ ಸುಮಂಗಲಾ ಫೋನು ಬಂತು. ದನಿ ಬೆಳಗಿನದಾಗಿರಲಿಲ್ಲ.

“ಏನ್ರಿ, ಬೀರಲಿಂಗೇಶ ಬಂದಿದ್ದ. ವಾಪಸ್ಸು ಕಳಿಸಿಬಿಟ್ಟೆ. ಆ ಸಪ್ಪಳ ಕೇಳಿದ ಮ್ಯಾಲೆ ಎದಿ ಇನ್ನೂ ಝುಂ ಅನ್ನಾಕತ್ತೈತ್ರಿ. ಅದನ್ನ ಗುಜರಿಗೆ ಕೊಡೋದಂದ್ರೇನು. ನಾಳಿ ಮುಂಜಾನಿ ನನ್ನ ಆಸ್ಪತ್ರಿಗೆ ಅದರಾಗ ಬಿಡ್ರಿ, ಎಲ್ಲಾ ಸಿಸ್ಟರ್ಸಿಗೂ ಹೇಳೀನಿ. ಓಣಿ ಹೆಂಗಸರು ಉಜ್ಜಿನಿ ಗುಡಿಗೆ ಹೋಗಾಣು ಅಂತ ಸೀರಿ ಆರಿಸಾಕತ್ಯಾರ. ದೀಪ ಹಚ್ಚಾಕ ನಿಂತೀವಿ ಎಲ್ಲಾರು, ಜಲ್ದಿ ಬರ್ರಿ.”

ಮೇಷ್ಟ್ರು ಹೂಂ ಎಂದರು. ತಾಯಿಯ ಕಡೆ ತಿರುಗಿ, “ಅವ್ವ, ಬಸ್ಸಿಗೆ ಹೋಗಾಣೇನು?” ಎಂದರು ಮೆಲ್ಲಗೆ.

ಕನಕಮ್ಮ ಸೀಟಿನ ನಡುವೆ ಇನ್ನಷ್ಟು ಸರಿಯಾಗಿ ಕೂತರು. “ಇಷ್ಟು ವರ್ಷಕ್ಕ ಹತ್ತೀನಿ. ನಾನಂತೂ ಇಳಿಯಂಗಿಲ್ಲ. ಹೋದ್ರ ಇದರಾಗ ಮನಿಗೆ ಹೋಗ್ತೀನಿ.”

ಹೊತ್ತು ಮುಳುಗುತ್ತಿತ್ತು. ಮೇಷ್ಟ್ರು ಒಂದು ಸಲ ಆ ಉದ್ದನೆಯ ಬಾನೆಟ್ಟನ್ನೂ, ಒಂದು ಸಲ ಒಳಗೆ ರಾಣಿಯಂತೆ ಕೂತ ತಾಯಿಯನ್ನೂ ನೋಡಿದರು. ಬೆಳಗಿನಿಂದ ಯಾರ ಕೈಗೆ ಗಾಡಿ ಸಿಗಬಾರದೆಂದು ಒದ್ದಾಡಿದ್ದರೋ ಅವನ ನಂಬರನ್ನೇ ಹುಡುಕಿ ಒತ್ತಿದರು.

“ಬೀರಲಿಂಗೇಶ್, ನಾನಪಾ, ಕೂಡ್ಲಿಗಿ ಸಂಜೀವ ಮೇಷ್ಟ್ರು. ಕ್ರೇನಿನ ಲಾರಿ ತಗೊಂಡು ಸ್ವಲ್ಪ ಕೊಟ್ಟೂರಿಗೆ ಬಾ. ಗಾಡಿ ಎತ್ತಬೇಕು. ಗುಜರಿಗಲ್ಲ, ಮನಿಗೆ. ನಮ್ಮ ಮನಿಯವರಿಗೆ ಕಾಣದಂಗ ಓಣಿ ತಿರುವಿನಾಗ ಇಳಿಸಬೇಕು. ಮತ್ತ, ಒಳಗ ನಮ್ಮವ್ವ ಕುಂತಾಳ, ಇಳಿಯಂಗಿಲ್ಲ ಅಂತಾಳ, ಆಕಿ ಸಮೇತ ಎತ್ತಬೇಕು.”

ಆ ಕಡೆ ಲಾರಿಯ ಇಂಜಿನ್ನು ಬಂದಾದ ಸದ್ದು ಕೇಳಿಸಿತು.

“ಸರ,” ಎಂದ ಬೀರಲಿಂಗೇಶ. “ಒಯ್ಯಿ ಅಂದವರು ಒಯ್ಯಬ್ಯಾಡ ಅಂದ್ರು. ಒಯ್ಯಬ್ಯಾಡ ಅಂದವರು ಈಗ ಎತ್ತು ಅಂತೀರಿ. ನನಗ ಸರಿಯಾಗಿ ಅರ್ಥ ಆಗಿಲ್ರಿ.”

ಸಂಜೀವ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಗೇಟಿನಿಂದ ಶುರುಮಾಡಿದರು.